ಸಂಗೀತ ಕಛೇರಿಯ ಪೋಸ್ಟರ್ ಮಾಡಿಸುವವರೇ, ವಾಟ್ಸಾಪ್ ಚಿತ್ರ ನೋಡಿ ಓಕೆ ಅನ್ನಬೇಡಿ

ರಾಮನವಮಿ, ಗಣೇಶೋತ್ಸವ ಅಂತ ಸಂಗೀತ ಕಾರ್ಯಕ್ರಮಕ್ಕೆ ಪೋಸ್ಟರ್ ಮಾಡಿಸುವವರು ದಯವಿಟ್ಟು ಇದನ್ನು ಓದಿ. ನಮ್ಮ ಸಭಾಕ್ಕೆ ಸರಿಯಾಗಿ ಪೆಟ್ಟು ಬಿದ್ದಿದೆ.

ಪೋಸ್ಟರ್ ಮಾಡಿದ್ದು ಒಂದು ಡಿಸೈನ್ ಅಂಗಡಿ. ಹೆಸರು ಬೇಡ ಬಿಡಿ. ವಾಟ್ಸಾಪ್‌ಗೆ ಬಂದ ಚಿತ್ರದಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಕಾರ್ಯದರ್ಶಿಗಳು ಓಕೆ ಅಂದರು, ಪ್ರೆಸ್ಸಿಗೆ ಹೋಯಿತು. ಬಂಡಲ್ ಬಿಚ್ಚಿ ನೋಡಿದರೆ ‘ಪಕ್ಕವಾದ್ಯ’ ಇರಬೇಕಾದ ಕಡೆ ‘ಪಕ್‌ಕವಾದ್‌ಯ’. ‘ಕರ್ನಾಟಕ ಸಂಗೀತ’ ಹೋಗಿ ‘ಕರ್‌ನಾಟಕ ಸಂಗೀತ’. ದಪ್ಪಕ್ಷರದ ತಲೆಬರಹವೇ ‘ಸಂಗೀತೋತ್‌ಸವ’! ಅದೂ ಪ್ಲೇಟ್ ಮಾಡಿ ಅಚ್ಚು ಹಾಕುವ ಆಫ್‌ಸೆಟ್‌ನಲ್ಲಿ, ಸಾವಿರ ಪ್ರತಿ. ‘ನನ್ನ ಹೆಸರಲ್ಲಿ ಒತ್ತಕ್ಷರ ಇಲ್ಲ, ಬಚಾವಾದೆ’ ಅಂತ ಮೃದಂಗದವರು ನಕ್ಕರು. ಪಿಟೀಲಿನವರಿಗೆ ಆ ಅದೃಷ್ಟ ಇರಲಿಲ್ಲ.

ಆಗಿದ್ದೇನು ಅಂದರೆ, ಅಂಗಡಿಯವರು ಡಿಸೈನ್ ಸಾಫ್ಟ್‌ವೇರ್ ಕೋರೆಲ್ ಡ್ರಾದ ಫೈಲನ್ನು ಕರ್ವ್ ಮಾಡದೆ ಹಾಗೇ ಕಳಿಸಿದ್ದರು. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಹಳೇ ಆವೃತ್ತಿ. ಅದಕ್ಕೆ ಯೂನಿಕೋಡ್ ಕನ್ನಡದ (ಈಗ ಫೋನು, ವೆಬ್ಬಿನಲ್ಲಿ ಬಳಸುವುದು ಅದೇ) ಒತ್ತು ಕೂಡಿಸಲು ಬರುವುದಿಲ್ಲ. ಕರ್ವ್ ಮಾಡಿದರೆ ಅಕ್ಷರ ಬರೀ ಆಕಾರವಾಗಿ ಉಳಿಯುತ್ತದೆ, ಆ ಕಡೆ ಫಾಂಟ್ ಇರಲಿ ಬಿಡಲಿ. ಫೋಟೋಶಾಪ್, ಇಲ್ಲಸ್ಟ್ರೇಟರ್‌ಗಳಲ್ಲೂ ಭಾರತೀಯ ಲಿಪಿಯ ಆಯ್ಕೆ ಆನ್ ಆಗಿರದಿದ್ದರೆ ಇದೇ ಕಥೆ. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಳೇ ಫಾಂಟ್‌ಗಳೇ ಒಂದು ಲೆಕ್ಕಕ್ಕೆ ವಾಸಿ. ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯೇ ಕಾಣುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಯೂನಿಕೋಡ್ ಒಡೆದರೆ ಕನ್ನಡದ ಹಾಗೇ ಕಾಣುತ್ತದಲ್ಲ, ಕನ್ನಡ ಓದಲು ಬಾರದ ಆಪರೇಟರ್ ಸುಮ್ನೆ ಪ್ರಿಂಟ್ ಕೊಟ್ಟುಬಿಡುತ್ತಾನೆ.

ಕೇಳಿದರೆ ‘ನನ್ನ ಸಿಸ್ಟಮ್ಮಲ್ಲಿ ಸರಿಯಾಗೇ ಇದೆ ಸಾರ್’ ಅಂತ ಡಿಸೈನರ್. ‘ಕೊಟ್ಟಿದ್ದನ್ನ ಹಾಕಿದ್ವಿ’ ಅಂತ ಪ್ರೆಸ್ಸಿನವರು. ಮಲ್ಟಿಕಲರ್ ಅಂದರೆ ಶಾಯಿಗೊಂದರಂತೆ ನಾಲ್ಕು ಪ್ಲೇಟ್. ಮತ್ತೆ ಪ್ಲೇಟ್, ಮತ್ತೆ ಕಾಗದ, ಎಲ್ಲ ಸಭಾದ ತಲೆಗೆ. ಕೊಟ್ಟ ಅಡ್ವಾನ್ಸೂ ವಾಪಸ್ ಬರಲಿಲ್ಲ, ಓಪನ್ ಫೈಲೂ (ತಿದ್ದಲು ಬರುವ ಮೂಲ ಫೈಲ್) ಸಿಗಲಿಲ್ಲ.

ಲೇಔಟಿನ ಕಥೆ ಬೇರೆ. ಯಾವುದೋ ಇಂಗ್ಲಿಷ್ ಟೆಂಪ್ಲೇಟಿಗೆ ಕನ್ನಡ ತುರುಕಿದ್ದರು. ಇಂಗ್ಲಿಷಿಗೆ ಸಾಲುತ್ತಿದ್ದ ಸಾಲಿನ ಅಂತರ ನಮಗೆ ಸಾಲದು. ‘ಶಾಸ್ತ್ರೀಯ’ ನೋಡಿ, ಸಕಾರದ ಕೆಳಗೆ ತ, ರ ಎರಡೂ ಇಳಿಯಬೇಕು. ಅದು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಗುದ್ದಿತ್ತು. ಸ್ಟೈಲ್ ಅಂತ ಅಕ್ಷರಗಳ ನಡುವೆ ಜಾಗ ಬಿಟ್ಟರೆ ದೀರ್ಘ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಸಾಲುಗಳನ್ನು ಹೀಗೆ ಒತ್ತೊತ್ತಾಗಿ ತುರುಕಿ ಜಾಗ ಉಳಿಸಿದ್ದು ಯಾಕೆ? ಪ್ರಾಯೋಜಕರ ಲೋಗೋಗೆ! ಹಾಡುವವರ ಹೆಸರಿಗಿಂತ ಅದೇ ದೊಡ್ಡದು. ವೀಣೆ ಕಛೇರಿಗೆ ಸಿತಾರ್ ಚಿತ್ರ ಹಾಕಿದ್ದನ್ನಂತೂ ನಾವೇ ಹಿಡಿದು ತೆಗೆಸಿದೆವು.

ಹಾಗಾಗಿ ಕೆಲಸ ಒಪ್ಪಿಸುವಾಗಲೇ ಮಾತಾಡಿಕೊಳ್ಳಿ. ಪ್ರೆಸ್ಸಿಗೆ ಹೋಗುವುದು ಕರ್ವ್ ಮಾಡಿದ ಪಿಡಿಎಫ್, ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಇರಬೇಕು, ಅದೇ ಫೈಲ್ ನಿಮಗೂ ಬರಬೇಕು. ಅಕ್ಷರ ಒಡೆದರೆ ದುಡ್ಡು ಯಾರದ್ದು ಅನ್ನುವುದೂ ಮೆಸೇಜಿನಲ್ಲಿ ಇರಲಿ. ಫಾಂಟಿಗೆ ದುಡ್ಡು ಕೇಳಿದರೆ ಬಲೂ ತಮ್ಮ, ಅನೇಕ್ ಕನ್ನಡ, ನೋಟೋ ಎಲ್ಲ ಉಚಿತ ಅಂತ ಹೇಳಿ. ಪ್ಲೇಟ್ ಹಾಕುವ ಮೊದಲು ಪ್ರೆಸ್ಸಿನ ಕಂಪ್ಯೂಟರಿನಿಂದಲೇ ಒಂದು ಎ3 ಡಿಜಿಟಲ್ ಪ್ರಿಂಟ್ ತೆಗೆಸಿ, ಕನ್ನಡ ಬರುವ ಇಬ್ಬರು ಕೂತು ಓದಿ. ಪಕ್ಕವಾದ್ಯದವರಿಗೂ ಒಮ್ಮೆ ತೋರಿಸಿ. ಬಿರುದು ಬಿಟ್ಟುಹೋಗಿದ್ದರೆ ಅವರೇ ಮೊದಲು ಹೇಳುತ್ತಾರೆ.