ಬಣ್ಣ ಹೊಡೆಸಿದ ಮೇಲೆ ಮುಳ್ಳು ಏಳದಿದ್ದರೆ ಮೀಟರ್ ಬಿಚ್ಚಲು ಬಿಡಬೇಡಿ

ಹಳೆಯ ಕಾರಿಗೆ ಬಣ್ಣ ಹೊಡೆಸಿ ತಂದ ಮೇಲೆ ಪೆಟ್ರೋಲ್ ಮತ್ತು ಟೆಂಪರೇಚರ್ ಮೀಟರಿನ ಮುಳ್ಳುಗಳು ಮಲಗಿಯೇ ಇದ್ದರೆ, 'ಮೀಟರೇ ಹೋಗಿದೆ' ಎನ್ನುವವರನ್ನು ನಂಬಬೇಡಿ. ನಾನು ನಂಬಿ ಕೆಟ್ಟೆ.

ಕಾರು ಅಪ್ಪಯ್ಯ ಕೊಂಡ 1984ರ ಅಂಬಾಸಿಡರ್ ಮಾರ್ಕ್ 4. ಶಿರಸಿಯಲ್ಲಿ ಅಡಿಕೆ ಚೀಲವನ್ನೂ ಮದುವೆ ದಿಬ್ಬಣವನ್ನೂ ಹೊತ್ತ ಗಾಡಿ, ನನ್ನ ನೌಕರಿಯ ಜೊತೆ ಕಾರವಾರಕ್ಕೆ ಇಳಿಯಿತು. ಕಡಲ ಗಾಳಿಗೆ ನಾಲ್ಕೇ ಮಳೆಗಾಲದಲ್ಲಿ ಡಿಕ್ಕಿಯ ನೆಲ ಜರಡಿಯಾಯಿತು. ಟಿಂಕರಿಂಗ್, ಪೇಂಟಿಂಗ್ ಎಂದು ಮೂರು ತಿಂಗಳು ಒಂದು ಗ್ಯಾರೇಜಿನಲ್ಲಿ ಬಿಟ್ಟೆ. ಮತ್ತೆ ತುಕ್ಕು ಹಿಡಿಯದಿರಲೆಂದು ಪೆಟ್ರೋಲ್ ಟ್ಯಾಂಕನ್ನೂ ಇಳಿಸಿ, ಅದು ಕೂರುವ ಜಾಗ, ಅದರ ತಿರುಪುಗಳು ಎಲ್ಲಕ್ಕೂ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರು. ಎಷ್ಟು ಅಚ್ಚುಕಟ್ಟು ಎಂದು ಹೊಗಳಿದವನೂ ನಾನೇ.

ಕೀ ತಿರುಗಿಸಿದರೆ ಎರಡೂ ಮುಳ್ಳು ಅಲುಗಲಿಲ್ಲ. ಸ್ಪೀಡೋಮೀಟರ್ ಮಾತ್ರ ಓಡುತ್ತಿತ್ತು. ಅದನ್ನು ತಿರುಗಿಸುವುದು ಗೇರ್‌ಬಾಕ್ಸಿನಿಂದ ಬರುವ ಕೇಬಲ್, ಕರೆಂಟಿನ ಹಂಗು ಅದಕ್ಕಿಲ್ಲ. ಕರೆಂಟಿನ ದಾರಿ ಎಲ್ಲೋ ತುಂಡಾಗಿದೆ ಎಂದು ಅಲ್ಲೇ ಹೊಳೆಯಬೇಕಿತ್ತು.

ಗ್ಯಾರೇಜಿನ ಎಲೆಕ್ಟ್ರಿಷಿಯನ್ ಹುಡುಗ ಫ್ಯೂಸನ್ನೂ ನೋಡಲಿಲ್ಲ. "ಡೈರೆಕ್ಟ್ ಕೊಟ್ಟು ನೋಡೋಣ ಸಾರ್" ಎಂದು ಬ್ಯಾಟರಿಯಿಂದ ಎರಡು ವೈರ್ ಎಳೆದು ಪೆಟ್ರೋಲ್ ಮೀಟರಿನ ಎರಡು ತುದಿಗೆ ಒತ್ತಿ ಹಿಡಿದ. ಮುಳ್ಳು ಎದ್ದು ಫುಲ್ ಗೆರೆಯನ್ನೂ ದಾಟಿತು. ಸಣ್ಣಗೆ ಸುಟ್ಟ ವಾಸನೆ ಬಂತು, ಮುಳ್ಳು ಮಲಗಿತು. "ನೋಡಿ, ಮೀಟರ್ ಹೋಗಿತ್ತು" ಎಂದ. ಎದ್ದು ನಿಂತವನನ್ನು ಹೊಡೆದು ಕೆಡವಿ, ಮೊದಲೇ ಸತ್ತಿದ್ದ ಎಂದ ಹಾಗಾಯಿತು.

ಆ ಬಗೆಯ ಮೀಟರಿನೊಳಗೆ ಎರಡು ಲೋಹ ಬೆಸೆದ ಪಟ್ಟಿಯ ಮೇಲೆ ಕೂದಲೆಳೆಯಂಥ ತಂತಿ ಸುತ್ತಿರುತ್ತದೆ. ತಂತಿ ಬಿಸಿಯಾದಂತೆ ಪಟ್ಟಿ ಬಾಗಿ ಮುಳ್ಳನ್ನು ನಿಧಾನವಾಗಿ ಎತ್ತುತ್ತದೆ. ಬ್ರಿಟಿಷ್ ವಿನ್ಯಾಸದ ಅನೇಕ ಹಳೆಯ ಕಾರುಗಳಲ್ಲಿ ಬ್ಯಾಟರಿಯ 12 ವೋಲ್ಟನ್ನು ಸರಾಸರಿ 10ಕ್ಕೆ ಇಳಿಸುವ ಸ್ಟೆಬಿಲೈಸರ್ ಒಂದಿರುತ್ತದೆ. ಟ್ಯಾಂಕಿನೊಳಗೆ ಪೆಟ್ರೋಲಿನ ಜೊತೆ ಏರಿಳಿಯುವ ಫ್ಲೋಟಿನ ರೆಸಿಸ್ಟೆನ್ಸ್ ಕರೆಂಟನ್ನು ಇನ್ನಷ್ಟು ತಡೆಯುತ್ತದೆ. ಡೈರೆಕ್ಟ್ ಕೊಡುವುದೆಂದರೆ ಈ ಎರಡು ಕಾವಲನ್ನೂ ತಪ್ಪಿಸಿ ತಂತಿಯನ್ನು ಬೇಯಿಸುವುದು.

ಡೂಪ್ಲಿಕೇಟ್ ಮೀಟರುಗಳ ಜೋಡಿ ಬಂತು. ಅವೂ ಏಳಲಿಲ್ಲ. ಆಗ ಫ್ಲೋಟ್ ಹೋಗಿದೆ ಎಂದರು, ಮರುದಿನ ಇಡೀ ವೈರಿಂಗ್ ಬದಲಿಸಬೇಕು ಎಂದರು. ಬಿಲ್ಲು 6,500 ರೂಪಾಯಿ ಮುಟ್ಟಿದಾಗ ನಾನು ಹಳೆಯ ಮೀಟರುಗಳನ್ನು ಕೇಳಿ ಪಡೆದು ಕಾರು ತಂದುಬಿಟ್ಟೆ. ಕೇಳಿ ಪಡೆದದ್ದೊಂದೇ ಬುದ್ಧಿವಂತಿಕೆ. ಮುಂದಿನ ವಾರ ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಬಾನೆಟ್ಟಿನಿಂದ ಆವಿ ಎದ್ದ ಮೇಲೆಯೇ ಇಂಜಿನ್ ಕುದಿಯುತ್ತಿರುವುದು ತಿಳಿಯಿತು. ಮುಳ್ಳು ತಣ್ಣಗೆ ತಳದಲ್ಲಿ ಕೂತಿತ್ತು.

ಶಿರಸಿಯ ಮನೆಯಲ್ಲಿ, ಸಾರಿಗೆ ಡಿಪೋದಲ್ಲಿ ದುಡಿದು ನಿವೃತ್ತರಾದ ನೆರೆಯವರು ಕಾರನ್ನು ಒಂದು ಸುತ್ತು ನೋಡಿದರು. "ತಮ್ಮಾ, ಬಣ್ಣ ಹೊಡೆಸಿದ್ದೀಯಲ್ಲ, ಅರ್ತ್ ನೋಡಿದೆಯಾ?" ಎಂದರು. ಅರ್ತ್ ಎಂದರೆ ಕರೆಂಟು ಕಾರಿನ ಬಾಡಿಯ ಲೋಹದ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ. ಟೆಸ್ಟ್ ಲ್ಯಾಂಪ್ ಹಿಡಿದಾಗ ಮೀಟರಿನವರೆಗೆ ಕರೆಂಟ್ ಬರುತ್ತಿತ್ತು. ಕೀ ಆಫ್ ಮಾಡಿಸಿ, ಬ್ಯಾಟರಿಯ ನೆಗೆಟಿವ್‌ನಿಂದ ಒಂದು ಉದ್ದ ವೈರನ್ನು ಟ್ಯಾಂಕ್ ಯೂನಿಟ್ಟಿನ, ಎಂದರೆ ಫ್ಲೋಟ್ ಜೋಡಿಸಿದ ಭಾಗದ, ಅಂಚಿನ ತಿರುಪಿಗೆ, ಬಣ್ಣ ಕೆರೆದು, ಕ್ಲಿಪ್ಪಿನಿಂದ ಕಚ್ಚಿಸಿದರು. ಪೆಟ್ರೋಲಿನ ಹತ್ತಿರ ಕಿಡಿ ಹಾರಬಾರದಲ್ಲ, ಅದಕ್ಕೇ ಮೊದಲು ಜೋಡಿಸಿ ಆಮೇಲೆ ಕೀ. ಮುಳ್ಳು ಬೆಳಗಿನ ಬಿಸಿಲಿನಂತೆ ಮೆಲ್ಲಗೆ ಮೇಲೇರಿತು.

ಟ್ಯಾಂಕಿಗೂ ಬಾಡಿಗೂ ನಡುವೆ ಬಣ್ಣವೇ ಗೋಡೆಯಾಗಿತ್ತು. ಟೆಂಪರೇಚರ್ ಮೀಟರಿನ ಕಥೆ ಬೇರೆ: ಇಂಜಿನ್ನಿಗೆ ತಿರುಗಿಸುವ ಸೆನ್ಸರಿನ ಥ್ರೆಡ್ಡಿಗೆ, ನೀರು ಸೋರದಿರಲೆಂದು ನಲ್ಲಿ ಕೆಲಸದ ಬಿಳಿ ಟೇಪನ್ನು ಪದರ ಪದರವಾಗಿ ಸುತ್ತಿದ್ದರು. ಆ ಸೆನ್ಸರಿಗೆ ಅರ್ತ್ ಸಿಗುವುದೇ ಥ್ರೆಡ್ಡಿನಿಂದ. ಇಂಜಿನ್ ಆರಿದ ಮೇಲೆ ಟೇಪು ಕಿತ್ತು ಹಾಕಿದೆವು, ಅದೂ ಎದ್ದಿತು. ಟ್ಯಾಂಕಿನಿಂದ ಚಾಸಿಗೆ ಒಂದು ತಾಮ್ರದ ವೈರ್ ಬಿಗಿದು, ಉಪ್ಪು ಗಾಳಿ ತಿನ್ನದಂತೆ ಮೇಲೆ ವ್ಯಾಸಲೀನ್ ಸವರಿದೆವು. ಖರ್ಚು ಒಂದು ಚಹಾದಷ್ಟು.

ನೀವೇ ನೋಡುವುದಾದರೆ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕುವ ಮೊದಲು ಬ್ಯಾಟರಿಯ ವೈರ್ ತೆಗೆಯಿರಿ. ಹಳೆಯ ಕಾರುಗಳ ಆಂಪಿಯರ್ ಮೀಟರಿಗೆ ಬರುವ ದಪ್ಪ ವೈರಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಸ್ಪ್ಯಾನರ್ ತಾಗಿದರೆ ಬೆಂಕಿಯೇ. ಅದಾದ ಮೇಲೆ ಫ್ಯೂಸ್, ಆಮೇಲೆ ಅರ್ತ್. ಮೀಟರಿನ ಸರದಿ ಕೊನೆಗೆ.

ಹಳೆಯ ಟೆಂಪರೇಚರ್ ಮೀಟರ್ ಮತ್ತೆ ತನ್ನ ಜಾಗದಲ್ಲಿ ಕೂತಿದೆ. ಪೆಟ್ರೋಲಿನದು ಸುಟ್ಟು ಹೋಯಿತಲ್ಲ, ಅಲ್ಲಿ ಡೂಪ್ಲಿಕೇಟೇ ಗತಿ. ಟ್ಯಾಂಕ್ ತುಂಬಿಸಿದರೂ ಅದು ಮುಕ್ಕಾಲಿಗಿಂತ ಮೇಲೆ ಹೋಗುವುದಿಲ್ಲ. ಈಗ ಓಡಿದ ಕಿಲೋಮೀಟರ್ ಲೆಕ್ಕ ಹಾಕಿ ಪೆಟ್ರೋಲ್ ಹಾಕಿಸುತ್ತಿದ್ದೇನೆ.