299ರ ಡಬ್ಬಿ, 499ರ ಡಬ್ಬಿ: ಎರಡರಲ್ಲೂ ಆಡಿದ ಮೇಲೆ ಹಾಕಿದ ಲೆಕ್ಕ

2020ರ ನವೆಂಬರ್‌ನಲ್ಲಿ ಎರಡೇ ದಿನದ ಅಂತರದಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್, ಸೋನಿಯ ಪ್ಲೇಸ್ಟೇಷನ್, ಎರಡರದ್ದೂ ಹೊಸ ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡೋ ಡಬ್ಬಿ) ಬಂದವು. ಆಗ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಬೆಲೆ 299 ಡಾಲರ್, ಡಿಸ್ಕ್ ಹಾಕುವ ಪ್ಲೇಸ್ಟೇಷನ್ 5ರದ್ದು 499. ನಾನು ಮೊದಲು ತಗೊಂಡಿದ್ದು ಅಗ್ಗದ್ದನ್ನೇ. ಯೋಚನೆ ಮಾಡೋಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಪ್ಲೇಸ್ಟೇಷನ್ ಮನೆಗೆ ಬಂದಿದ್ದು ಎರಡು ವರ್ಷ ಕಳೆದ ಮೇಲೆ.

ಕಮ್ಮಿ ಬೆಲೆಯ ತಾಕತ್ತು ಇದೇ ನೋಡಿ, ಕೈ ತಾನಾಗಿಯೇ ಜೇಬಿಗೆ ಹೋಗುತ್ತೆ. ಆದರೆ ಸೀರೀಸ್ ಎಸ್‌ನ 512 ಜಿಬಿಯಲ್ಲಿ ಗೇಮ್‌ಗೆ ಸಿಗೋದು ಸುಮಾರು 364. ನೂರು ಜಿಬಿ ನುಂಗುವ ಗೇಮ್ ಮೂರು ಹಾಕಿದರೆ ಮುಗಿಯಿತು. ಹೊಸದು ಹಾಕಬೇಕು ಅಂದಾಗಲೆಲ್ಲ ಪಟ್ಟಿ ತೆರೆದು, ಅರ್ಧ ಆಡಿದ್ದನ್ನು ಅಳಿಸಲಾ, ಇನ್ನೂ ಮುಟ್ಟದೇ ಇರೋದನ್ನು ಅಳಿಸಲಾ ಅಂತ ಕೂತಿರುತ್ತಿದ್ದೆ. ಡಿಸ್ಕ್ ಡ್ರೈವ್ ಬೇರೆ ಇಲ್ಲ, ಅಂದರೆ ಕೊಂಡ ಗೇಮ್ ಮುಗಿದರೂ ಯಾರಿಗೂ ಕೊಡೋ ಹಾಗಿಲ್ಲ. ಇದೆಲ್ಲ ಮೊದಲೇ ಬರೆದಿತ್ತು, ಓದದೇ ಇದ್ದವನು ನಾನು.

ಪ್ಲೇಸ್ಟೇಷನ್‌ನಲ್ಲಿ ಲೆಕ್ಕ ಉಲ್ಟಾ. ಗೇಮ್ ಮುಗಿಸಿ ಡಿಸ್ಕನ್ನು ಗೆಳೆಯನಿಗೆ ಕೊಟ್ಟೆ, ಅವನದ್ದನ್ನು ನಾನು ತಂದೆ. ಒಂದೊಂದು ಗೇಮ್ 70 ಡಾಲರ್. ಮೂರು ಸಲ ಹೀಗೆ ಅದಲುಬದಲು ಆಗೋಷ್ಟರಲ್ಲಿ ಎರಡು ಕನ್ಸೋಲ್‌ಗಳ ನಡುವಿನ 200 ಡಾಲರ್ ವಾಪಸ್ ಬಂದ ಹಾಗೇ ಆಯಿತು. ಡಿಸ್ಕ್ ಇಲ್ಲದ 399ರ ಪ್ಲೇಸ್ಟೇಷನ್ ಕೂಡ ಇತ್ತು, ಅದು ನನಗೆ ಯಾಕೋ ಅತ್ತಲೂ ಅಲ್ಲ ಇತ್ತಲೂ ಅಲ್ಲ ಅನ್ನಿಸಿತು.

ಹಾಗಂತ ದುಬಾರಿ ಬೆಲೆ ಇಟ್ಟರೆ ಜನ ಬರಲ್ಲ ಅನ್ನೋ ಹಾಗೂ ಇಲ್ಲ. 499 ಇಟ್ಟರೂ ಪ್ಲೇಸ್ಟೇಷನ್ 5 ತಿಂಗಳುಗಟ್ಟಲೆ ಸಿಗಲೇ ಇಲ್ಲ, ಅಲ್ವಾ? 2025ರಲ್ಲಿ ನಿಂಟೆಂಡೋ ಕಂಪನಿಯವರು ತಮ್ಮ ಕನ್ಸೋಲ್ ಸ್ವಿಚ್ 2ಕ್ಕೆ 450 ಇಟ್ಟರು, ನಾಲ್ಕೇ ದಿನದಲ್ಲಿ 35 ಲಕ್ಷ ಡಬ್ಬಿ ಹೋಯಿತು. ಮೊದಲ ದಿನ ಸಾಲಲ್ಲಿ ನಿಲ್ಲೋ ಹುಚ್ಚರು ಬೆಲೆ ನೋಡಲ್ಲ. ನೋಡೋದು ಅವರ ಹಿಂದೆ ಬರೋ ನನ್ನಂಥವರು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ 499, ಪ್ಲೇಸ್ಟೇಷನ್ 4ಕ್ಕೆ 399. ಆ ನೂರು ಡಾಲರ್ ಜಾಸ್ತಿ ಆಗಿದ್ದಕ್ಕೆ ಒಂದು ಕಾರಣ ಜೊತೆಗೆ ಕಟ್ಟಿದ್ದ ಕಿನೆಕ್ಟ್ ಕ್ಯಾಮೆರಾ. ಮರುವರ್ಷ ಜೂನ್‌ಗೇ ಕಿನೆಕ್ಟ್ ಇಲ್ಲದ 399ರದ್ದನ್ನು ಮಾರುಕಟ್ಟೆಗೆ ಇಳಿಸಬೇಕಾಯಿತು. ಕೈಯಲ್ಲಿ ಹಿಡಿದು ಆಡೋ ನಿಂಟೆಂಡೋ 3ಡಿಎಸ್ ಕತೆ ಇನ್ನೂ ಜೋರು: 2011ರ ಮಾರ್ಚ್‌ನಲ್ಲಿ 250 ಇದ್ದದ್ದು ಆಗಸ್ಟ್‌ನಲ್ಲಿ 170. ಮೊದಲೇ ಕೊಂಡು ಪೆಚ್ಚಾದವರಿಗೆ ಇಪ್ಪತ್ತು ಹಳೇ ಗೇಮ್ ಪುಕ್ಕಟೆ ಕೊಟ್ಟು ಸಮಾಧಾನ ಮಾಡಿದರು.

ನನ್ನನ್ನು ಕೇಳಿದರೆ, ವರ್ಷಕ್ಕೆ ನಾಲ್ಕೈದು ದೊಡ್ಡ ಗೇಮ್ ಆಡೋರಿಗೆ ಡಿಸ್ಕ್ ಹಾಕೋ ಡಬ್ಬಿಯೇ ಅಗ್ಗ. ನನ್ನ ಸೀರೀಸ್ ಎಸ್ ಈಗ ತಂಗಿ ಮಗನ ಹತ್ತಿರ ಇದೆ. ಅವನು ಆಡೋದು ಒಂದೇ ಫುಟ್‌ಬಾಲ್ ಗೇಮ್, ಜಾಗ ಇನ್ನೂ ಅರ್ಧಕ್ಕಿಂತ ಜಾಸ್ತಿ ಖಾಲಿ ಬಿದ್ದಿದೆ.