ಹಳೆ ಜಾವಾ ಕೋಡಿಗೆ ಕೋಟ್ಲಿನ್ನೋ, ಸ್ಕಾಲಾವೋ?

ಬೆಳ್ಳಂದೂರಿನ ನಮ್ಮ ಆಫೀಸಿನಲ್ಲಿ ಹಳೆಯದೊಂದು ಬಿಲ್ಲಿಂಗ್ ಅಪ್ಲಿಕೇಶನ್ ಇದೆ. ಪೂರ್ತಿ ಜಾವಾ. ಅದನ್ನು ಬಿಸಾಕಿ ಹೊಸದು ಬರೆಯುವ ಮಾತೇ ಇಲ್ಲ. ಹಾಗಾಗಿ ರಿಯಾಯಿತಿ ಲೆಕ್ಕ ಹಾಕುವ ಭಾಗವನ್ನಷ್ಟೇ ಸ್ಕಾಲಾ, ಕೋಟ್ಲಿನ್ ಎಂಬ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದೊಂದು ಸಲ ಬರೆದು ಜಾವಾ ಜೊತೆ ಸೇರಿಸಿ ನೋಡಿದೆ.

ಮೂರೂ ಜೆವಿಎಂ (ಜಾವಾ ಪ್ರೋಗ್ರಾಂಗಳನ್ನು ಓಡಿಸುವ ತಂತ್ರಾಂಶ) ಮೇಲೆಯೇ ಓಡುತ್ತವೆ. ಇನ್ನೇನು ಕಷ್ಟ ಅನ್ನಿಸುತ್ತದೆ, ಅಲ್ವಾ? ಹೊಸ ಭಾಷೆಯಿಂದ ಜಾವಾವನ್ನು ಕರೆಯುವುದು ಎರಡರಲ್ಲೂ ಸಲೀಸು. ಜಾವಾದಿಂದ ಹೊಸ ಕೋಡನ್ನು ಕರೆದಾಗಲೇ ಬಣ್ಣ ಬಯಲಾಗುವುದು.

ಸ್ಕಾಲಾ ಬರೆಯುವಾಗ ಖುಷಿಯೋ ಖುಷಿ. ಕೇಸ್ ಕ್ಲಾಸು (ಡೇಟಾ ಹಿಡಿದಿಡುವ ಚುಟುಕು ಕ್ಲಾಸು), ಪ್ಯಾಟರ್ನ್ ಮ್ಯಾಚಿಂಗ್ (ಡೇಟಾದ ರೂಪ ನೋಡಿ ದಾರಿ ಆರಿಸುವುದು) ಇರುವುದರಿಂದ ರಿಯಾಯಿತಿ ನಿಯಮಗಳು ಅಚ್ಚುಕಟ್ಟಾಗಿ ಕೂತವು. ಆದರೆ ಅದರ ಲಿಸ್ಟೇ ಬೇರೆ, ಜಾವಾದ ಲಿಸ್ಟೇ ಬೇರೆ. ಆಚೀಚೆ ಕಳಿಸುವಾಗಲೆಲ್ಲ ಆಸ್‌ಜಾವಾ, ಆಸ್‌ಸ್ಕಾಲಾ ಎಂದು ಬದಲಿಸಬೇಕು. ಮೆಥಡ್‌ಗೆ ಕೊಟ್ಟ ಡೀಫಾಲ್ಟ್ ಬೆಲೆಗಳು (ಏನೂ ಕೊಡದಿದ್ದಾಗ ಬಳಸುವವು) ಜಾವಾದ ಕಡೆಯಿಂದ ಉಪಯೋಗಕ್ಕೆ ಬರುವುದಿಲ್ಲ. ಲೈಬ್ರರಿಗಳ ಹೆಸರಿಗೆ ಸ್ಕಾಲಾ ಆವೃತ್ತಿಯ 2.12, 2.13 ಎಂಬ ಬಾಲ ಬೇರೆ. ಒಂದಕ್ಕೆ ಕಂಪೈಲ್ ಆದದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಬಿಲ್ಡ್ (ಕೋಡನ್ನು ಓಡುವ ರೂಪಕ್ಕೆ ತರುವ ಕೆಲಸ) ಮುಗಿಯುವಷ್ಟರಲ್ಲಿ ಕೆಳಗೆ ಹೋಗಿ ಬೈ ಟೂ ಕಾಫಿ ಕುಡಿದು ಬರಬಹುದು.

ಕೋಟ್ಲಿನ್ ಅನ್ನು ಜೆಟ್‌ಬ್ರೇನ್ಸ್ ಕಂಪನಿ ಕಟ್ಟಿದ್ದೇ ಜಾವಾ ಜೊತೆ ಬಾಳಲಿ ಎಂದು. ಒಳಗೆ ಜಾವಾದ ಲಿಸ್ಟನ್ನೇ ಬಳಸುತ್ತದೆ, ಬದಲಿಸುವ ಗೋಜಿಲ್ಲ. ಡೀಫಾಲ್ಟ್ ಬೆಲೆಗಳು ಇದರಲ್ಲೂ ಸುಮ್ನೆ ದಾಟುವುದಿಲ್ಲ, ಆದರೆ ಜೆವಿಎಂ‌ಓವರ್‌ಲೋಡ್ಸ್ ಎಂಬ ಒಂದು ಅನೊಟೇಶನ್ (ಕಂಪೈಲರ್‌ಗೆ ಕೊಡುವ ಸೂಚನೆ) ಹಾಕಿದರೆ ಸಾಕು. ಕ್ಲಾಸುಗಳು ತಾವಾಗಿಯೇ ಫೈನಲ್ (ಮುಂದೆ ವಿಸ್ತರಿಸಲಾಗದವು) ಆಗಿರುತ್ತವೆ. ಕ್ಲಾಸುಗಳನ್ನು ವಿಸ್ತರಿಸಿ ಬಳಸುವ ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್ ಇದ್ದರೆ ಅದಕ್ಕೊಂದು ಪ್ಲಗಿನ್ ಬೇಕು.

ನಲ್, ಅಂದರೆ ಬೆಲೆಯೇ ಇಲ್ಲದ ಖಾಲಿ ಜಾಗ, ಕೋಟ್ಲಿನ್‌ನಲ್ಲಿ ತೊಂದರೆ ಕೊಡುವುದಿಲ್ಲ ಎಂಬ ಜಾಹೀರಾತನ್ನು ಮಾತ್ರ ನಂಬಬೇಡಿ. ಅನೊಟೇಶನ್ ಇಲ್ಲದ ಜಾವಾ ಮೆಥಡ್ ಏನು ಕೊಡುತ್ತದೋ ಕೋಟ್ಲಿನ್‌ಗೆ ಗೊತ್ತಾಗುವುದಿಲ್ಲ. ಕಂಪೈಲರ್ ತಕರಾರು ಮಾಡದೆ ಬಿಡುತ್ತದೆ, ಓಡುವಾಗ ನಲ್ ಪಾಯಿಂಟರ್ ದೋಷ ಬಂದು ಬೀಳುತ್ತದೆ. ಅದಕ್ಕೇ ಹಳೆ ಜಾವಾ ಮೆಥಡ್‌ಗಳಿಗೆ ಮೊದಲು ನಲ್ಲಬಲ್ (ನಲ್ ಬರಬಹುದು) ಅನೊಟೇಶನ್ ಹಾಕುತ್ತಾ ಬಂದೆ. ಬೇಜಾರಿನ ಕೆಲಸ, ಆದರೆ ಲಾಭ ಜಾಸ್ತಿ.

ಜಾವಾ ಕ್ಲಾಸಿಗೆ ಬೇಕಾದ ಮಾಮೂಲಿ ಕೋಡನ್ನು ತಾನೇ ಹುಟ್ಟಿಸುವ ಲಾಂಬಾಕ್ ಲೈಬ್ರರಿಯದು ಇನ್ನೊಂದು ರಗಳೆ. ಬಿಲ್ಡ್‌ನಲ್ಲಿ ಕೋಟ್ಲಿನ್ ಮೊದಲು ಕಂಪೈಲ್ ಆಗುತ್ತದೆ. ಲಾಂಬಾಕ್ ಆಮೇಲೆ ಹುಟ್ಟಿಸುವ ಗೆಟರ್‌ಗಳು (ಒಳಗಿನ ಬೆಲೆ ಓದಿಕೊಡುವ ಮೆಥಡ್‌ಗಳು) ಅದಕ್ಕೆ ಕಾಣುವುದೇ ಇಲ್ಲ. ಇದಕ್ಕೂ ಪ್ಲಗಿನ್ ಇದೆ. ನಾನು ಆ ಕ್ಲಾಸುಗಳಿಂದ ಲಾಂಬಾಕನ್ನೇ ಕಿತ್ತು ಹಾಕಿದೆ.

ಇಷ್ಟಾದರೂ ನನ್ನ ಓಟು ಕೋಟ್ಲಿನ್‌ಗೇ. ಆಂಡ್ರಾಯ್ಡ್‌ಗೆ ಗೂಗಲ್ 2017ರಲ್ಲೇ ಇದನ್ನು ಒಪ್ಪಿಕೊಂಡಿತ್ತು. ಹಾಗಾಗಿ ನಮ್ಮ ಮೊಬೈಲ್ ಟೀಮಿನವರಿಗೆ ಮೊದಲೇ ಗೊತ್ತು, ರಿವ್ಯೂ ಮಾಡಲು ಜನ ಸಿಗುತ್ತಾರೆ. ಸ್ಪಾರ್ಕ್ ಎಂಬ ದೊಡ್ಡ ಡೇಟಾ ಸಂಸ್ಕರಣೆಯ ವ್ಯವಸ್ಥೆಯ ಮೇಲೆ ಓಡುವ ತಿಂಗಳ ಕೊನೆಯ ರಿಪೋರ್ಟುಗಳನ್ನು ಮಾತ್ರ ಸ್ಕಾಲಾದಲ್ಲೇ ಬಿಟ್ಟಿದ್ದೇವೆ. ಅವು ಬಿಲ್ಲಿಂಗ್ ಕೋಡನ್ನು ಮುಟ್ಟುವುದಿಲ್ಲ, ಡೇಟಾಬೇಸಿನಿಂದ ಓದಿ ಫೈಲ್ ಬರೆಯುತ್ತವೆ ಅಷ್ಟೇ.